ಬೋರಲು ಮಲಗಿದವರು ಮತ್ತು ಹಳದಿ ವಿಮಾನ

ಆ ಬೆಳಕನ್ನು ನಮ್ಮವರು ಮೊದಲು ವಿಮಾನವೆಂದೇ ನಂಬಿದ್ದರು. ತಾವು ನಂಬಿದ್ದಷ್ಟೇ ಅಲ್ಲ, ಇನ್ನಿಬ್ಬರನ್ನು ನಂಬಿಸಿಯೂ ಇದ್ದರು. ಅದು ತಮ್ಮ ಬಲಗಣ್ಣಿನೊಳಗಿನ ಬೆಳಕು ಎಂದು ಅವರಿಗೆ ಗೊತ್ತಾಗುವ ಹೊತ್ತಿಗೆ ನಾವು ವಿಜಯವಾಡದಲ್ಲಿದ್ದೆವು. ಕಣ್ಣು ಉಳಿಯುತ್ತದೋ ಇಲ್ಲವೋ ಎನ್ನುವಲ್ಲಿಗೆ ಬಂದಿತ್ತು.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಮ್ಮ ಬಾಡಿಗೆ ಮನೆ ಕೊನೆಯ ಮಹಡಿಯಲ್ಲಿದೆ. ಅದರ ಮೇಲೆ ಟೆರೇಸು. ಧಾರವಾಡದ ಕಡೆಯಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ನಮಗೆ ಆ ಟೆರೇಸೇ ಅಂಗಳ. ಸಂಡಿಗೆ ಒಣಗುವುದು ಅಲ್ಲಿ, ಬಟ್ಟೆ ಒಣಗುವುದು ಅಲ್ಲಿ, ಸಂಜೆ ಬ್ಯಾಂಕಿನಿಂದ ಬಂದ ಗಂಡ ಚಹಾದ ಕಪ್ಪು ಹಿಡಿದು ಆಕಾಶ ನೋಡುತ್ತ ನಿಲ್ಲುವುದೂ ಅಲ್ಲಿ. ವಿಮಾನದ ಸದ್ದು ಕೇಳಿದರೆ ಸಾಕು, ಬಾಯಿಗೆ ಹೋಗುತ್ತಿದ್ದ ತುತ್ತೂ ನಿಲ್ಲುತ್ತದೆ. ಮದುವೆಯಾದ ಹೊಸತರಲ್ಲಿ ನನಗೆ ಇದು ಸಿಟ್ಟು ತರಿಸುತ್ತಿತ್ತು. ಆಮೇಲೆ ತಟ್ಟೆಯ ಮೇಲೊಂದು ಮುಚ್ಚಳ ಇಡುವುದನ್ನು ಕಲಿತೆ.

ಭಾನುವಾರ ಸಂಜೆ ಅವರಂಥವರೇ ಇನ್ನಿಬ್ಬರು ಬರುತ್ತಾರೆ. ಒಬ್ಬರು ಗಾಜುವಾಕದ ಹಿರಿಯರು. ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ತೆಲುಗಿನವರು. ಪ್ರಾಯದಲ್ಲಿ ಕೆಲವು ವರ್ಷ ಭದ್ರಾವತಿಯಲ್ಲಿದ್ದುದರಿಂದ ಕನ್ನಡ ಆಡುತ್ತಾರೆ. ಅರ್ಧ ದಾರಿಯಲ್ಲಿ ತೆಲುಗಿಗೆ ಇಳಿದುಬಿಡುತ್ತಾರೆ. ಇನ್ನೊಬ್ಬಳು ಮಧುರವಾಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹೊಸಪೇಟೆಯ ಹೆಣ್ಣುಮಗಳು. ನನ್ನನ್ನು ಅಕ್ಕಾ ಎನ್ನುತ್ತಾಳೆ. ಮೂವರೂ ಕೂತರೆ ಹಳೆಯ ವಿಮಾನಗಳ ಪುರಾಣ ಶುರು. ಯಾವ ಊರಿನ ಸಂಗ್ರಹಾಲಯದಲ್ಲಿ ಯಾವುದು ನಿಂತಿದೆ, ಉಪ್ಪುಗಾಳಿಗೆ ಯಾವುದರ ಬಣ್ಣ ಕಿತ್ತಿದೆ, ಚಳಿಗಾಲದಲ್ಲಿ ಬೀಚಿನ ಮೇಲೆ ನೌಕಾದಳದ ವಿಮಾನಗಳು ತಾಲೀಮು ನಡೆಸುವಾಗ ಕೈಲಾಸಗಿರಿಯಿಂದ ನೋಡುವುದು ಚೆಂದವೋ ಮರಳಿನ ಮೇಲೆ ನಿಂತು ನೋಡುವುದು ಚೆಂದವೋ, ಹೀಗೇ.

"ಡಕೋಟಾದಂಥಾ ವಿಮಾನ ಇನ್ನ ಹುಟ್ಟಂಗಿಲ್ಲ ಬಿಡ್ರಿ," ಎನ್ನುತ್ತಾರೆ ನಮ್ಮವರು. "ಹೊಲದಾಗ ಇಳಿಸಿದ್ರೂ ಇಳೀತದ."

"ಇಳಿಯುತ್ತೆ ಸಾರ್, ಕರೆಕ್ಟೇ. ತಿರುಗ ಎಬ್ಬಿಸೋದು ಯಾರು? ನೀವು ಹಿಂದಿನಿಂದ ನೂಕುತಾರಾ?" ಎಂದು ಹಿರಿಯರು.

"ಅಂಕಲ್ ಕಾರ್ ಹಂಗೆ ಇಳಿಜಾರಿಗೆ ನಿಲ್ಲಿಸಿದ್ರೆ ಆತು, ತಾನೇ ಸ್ಟಾರ್ಟ್ ಆಗ್ತೈತಿ," ಎಂದು ಮಧುರವಾಡದವಳು. ಹಿರಿಯರ ಕಾರು ನಿಜಕ್ಕೂ ಹಾಗೆಯೇ. ನಮ್ಮ ಬೀದಿಯಲ್ಲಿ ಇಳಿಜಾರು ಇರುವ ಒಂದೇ ಜಾಗದಲ್ಲಿ ಅದು ನಿಂತಿರುತ್ತದೆ.

ಇವರಲ್ಲಿ ಒಂದು ಕಟ್ಟುಪಾಡು ಇದೆ. ಒಬ್ಬರು ಕಂಡೆ ಎಂದರೆ ಉಳಿದವರು ಅದನ್ನು ಅಲ್ಲಗಳೆಯುವುದಿಲ್ಲ. ಆಕಾಶ ದೊಡ್ಡದು, ವಿಮಾನ ಸಣ್ಣದು, ಇನ್ನೊಬ್ಬ ತಿರುಗುವಷ್ಟರಲ್ಲಿ ಅದು ಮೋಡದೊಳಗೆ ಹೋಗಿರುತ್ತದೆ. ಹಾಗಾಗಿ ಕಂಡವರ ಮಾತಿಗೆ ಬೆಲೆ. ಯಾವುದಿತ್ತು, ಎತ್ತ ಹೋಯಿತು ಎಂದು ಕೇಳಬಹುದು. ಇತ್ತೋ ಇಲ್ಲವೋ ಎಂದು ಕೇಳಬಾರದು. ಒಳ್ಳೆಯ ಮರ್ಯಾದೆ ಎಂದೇ ನಾನೂ ಅಂದುಕೊಂಡಿದ್ದೆ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಹೊತ್ತು ಮುಳುಗುವಾಗ ನಮ್ಮವರು ಗಕ್ಕನೆ ಬಲಕ್ಕೆ ತಿರುಗಿ ಕೈ ಚಾಚಿದರು.

"ಅಲ್ನೋಡ್ರಿ! ಸಮುದ್ರದ ಮ್ಯಾಲೆ! ಸ್ಟ್ರೋಬ್ ಹೊಡೀತು!"

ಸ್ಟ್ರೋಬ್ ಎಂದರೆ ವಿಮಾನದ ರೆಕ್ಕೆಯ ತುದಿಯಲ್ಲಿ ಫಳಕ್ಕೆಂದು ಮಿಂಚಿ ಆರುವ ಬಿಳಿಯ ದೀಪ. ಇಬ್ಬರೂ ತಿರುಗಿದರು. ಸಮುದ್ರದ ಮೇಲೆ ಬೂದು ಮೋಡ ಬಿಟ್ಟರೆ ಏನೂ ಇರಲಿಲ್ಲ.

"ಅಯ್ಯೋ, ಮಿಸ್ ಆಯ್ತು," ಎಂದರು ಹಿರಿಯರು. ಮುಂದಿನ ವಾರವೂ ನಮ್ಮವರಿಗೆ ಅದು ಕಂಡಿತು, ಅದರ ಮುಂದಿನ ವಾರವೂ. ಸದ್ದಿಲ್ಲ, ಬೇರೆ ದೀಪವಿಲ್ಲ, ಬಲಗಡೆ ಅಂಚಿನಲ್ಲಿ ಒಂದು ಮಿಂಚು ಮಾತ್ರ. ಮೂವರೂ ತಲೆ ಕೆಡಿಸಿಕೊಂಡರು. ದೀಪ ಆರಿಸಿಕೊಂಡು ಬಹಳ ಎತ್ತರದಲ್ಲಿ ಹೋಗುವ ನೇವಿಯ ಯಾವುದೋ ದೊಡ್ಡ ವಿಮಾನ ಎಂದು ಹಿರಿಯರು ತೀರ್ಮಾನ ಕೊಟ್ಟರು. ಕಡೆಗೆ ಮಧುರವಾಡದವಳು, "ನಂಗೂ ಒಂದ್ಸಲ ಏನೋ ಕಂಡಂಗಾತು ನೋಡ್ರಿ" ಎಂದಳು. ಪಾಪ, ಮೂರು ವಾರ ಒಂದೇ ಕಡೆ ನೋಡುತ್ತ ನಿಂತರೆ ಯಾರಿಗಾದರೂ ಏನಾದರೂ ಕಂಡೀತು.

ಅದೇ ದಿನಗಳಲ್ಲಿ ನಮ್ಮವರು ಹದ್ದುಗಳ ಬಗ್ಗೆ ದೂರತೊಡಗಿದರು. "ಬಂದರದ ಕಡಿ ಹದ್ದು ಭಾಳ ಆಗ್ಯಾವ. ಎಂಜಿನ್ನಿಗೆ ಸಿಕ್ಕರ ಗತಿ ಏನು?" ನಾನು ಬಟ್ಟೆ ತೆಗೆಯುತ್ತ ನೋಡಿದೆ. ಒಂದೇ ಒಂದು ಹದ್ದು ತನ್ನ ಪಾಡಿಗೆ ಸುತ್ತುತ್ತಿತ್ತು. "ಎಲ್ಲೆ ಅವ ರೀ ಭಾಳ?" ಎಂದೆ. "ನಿನಗ ದೂರದ್ದು ಕಾಣಂಗಿಲ್ಲ," ಎಂದರು. ನನ್ನ ಕನ್ನಡಕದ ಮೇಲೆ ಹೋಯಿತು ಮಾತು.

ಕರೆಂಟು ಹೋದ ಒಂದು ಸಂಜೆ ನಾನು ಅಡಿಗೆಮನೆಯಲ್ಲಿ ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದೆ. ಹಿಂದೆ ಬಂದು ನಿಂತಿದ್ದ ಅವರು ಶೆಲ್ಫಿನ ಕಡೆಗೆ ಥಟ್ಟನೆ ಕತ್ತು ಹೊರಳಿಸಿ, "ಮತ್ತ ಹೊಡೀತು" ಎಂದರು.

"ಏನು?"

"ಸ್ಟ್ರೋಬ್."

"ಅಡಿಗಿಮನ್ಯಾಗ?"

ಅವರು ಕತ್ತಲಲ್ಲಿ ನಿಂತು ಕತ್ತನ್ನು ಎಡಕ್ಕೆ ಬಲಕ್ಕೆ ಹೊರಳಿಸುತ್ತಿರುವುದು ಮಸುಕಾಗಿ ಕಂಡಿತು.

"ರೀ, ಅದು ವಿಮಾನ ಅಲ್ಲ."

"ವಯಸ್ಸಿಗೆ ಹಿಂಗೆಲ್ಲಾ ಆಗ್ತದ."

"ನಾಳೆ ಕಣ್ಣಿನ ಡಾಕ್ಟರ ಕಡೆ ಹೋಗೂಣು."

"ವಿಜಯವಾಡಾ ಒಂದು ಮುಗೀಲಿ. ಬಂದ ಮರುದಿನಾನ ಹೋಗೂಣು. ದೇವರಾಣಿ."

ವಿಜಯವಾಡದಲ್ಲಿ ಕೃಷ್ಣೆಯ ಮೇಲೆ ವಿಮಾನ ಪ್ರದರ್ಶನವಿತ್ತು. ಜೆಟ್ಟುಗಳು ಹೇಗೂ ಬರುತ್ತವೆ, ಅವು ಇವರಿಗೆ ಹೊಸದಲ್ಲ. ಆದರೆ ಈ ಸಲ ಯಾರೋ ಹವ್ಯಾಸಿಯೊಬ್ಬರು ತಮ್ಮ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸಿದ ಹಳದಿ ಬಣ್ಣದ ಟೈಗರ್ ಮಾತ್ ಬರುವುದಿತ್ತು. ಒಂದರ ಮೇಲೊಂದು ರೆಕ್ಕೆಯ, ಬಟ್ಟೆ ಹೊದಿಸಿದ, ತೆರೆದ ಸೀಟುಗಳ ಹಳೆಯ ತರಬೇತಿ ವಿಮಾನ. ನಮ್ಮವರು ಅದನ್ನು ಚಿತ್ರದಲ್ಲಿ ನೋಡಿದ್ದರು, ಸಂಗ್ರಹಾಲಯದಲ್ಲಿ ಹಗ್ಗದಾಚೆ ನಿಂತು ನೋಡಿದ್ದರು. ಹಾರುವಾಗ ನೋಡಿರಲಿಲ್ಲ. ನಾನು ಅಂಜಿಕೆಯಿಂದ ದಿನಾ ಕೇಳುತ್ತಿದ್ದೆ, ಇವತ್ತು ಮಿಂಚು ಬಂತೇನು, ಎಷ್ಟು ಬಂತು ಎಂದು. ಕೇಳಿ ಕೇಳಿ ಅವರು ಹೇಳುವುದನ್ನೇ ಬಿಟ್ಟರು. ಅದು ಇನ್ನೂ ಕೆಟ್ಟದ್ದಾಯಿತು. ಬಂದಿಲ್ಲವೋ, ಬಂದರೂ ಹೇಳುತ್ತಿಲ್ಲವೋ ತಿಳಿಯದೆ ಊಟಕ್ಕೆ ಕೂತಾಗ ಅವರ ಕಣ್ಣನ್ನೇ ನೋಡುತ್ತಿದ್ದೆ.

ವರ್ಗಾವಣೆಯ ಮೇಲೆ ಆಂಧ್ರಕ್ಕೆ ಬಂದ ಕನ್ನಡದ ಬ್ಯಾಂಕಿನವರಲ್ಲಿ ಒಂದು ರೂಢಿ. ರಜೆಗೆ ಊರಿಗೆ ಹೋಗುವವರು ಮನೆಯ ಕೀಲಿಯನ್ನು ಇನ್ನೊಬ್ಬ ಕನ್ನಡದವರ ಕೈಗೆ ಕೊಟ್ಟು ಹೋಗುತ್ತಾರೆ; ಯಾರಾದರೂ ಬಂದರೆ ಇಳಿದುಕೊಳ್ಳಲಿ, ತುಳಸಿಗೊಂದು ಚೊಂಬು ನೀರೂ ಆಗಲಿ ಎಂದು. ಹಾಗೆ ಸಿಕ್ಕಿದ ಭವಾನಿಪುರಂನ ಫ್ಲ್ಯಾಟಿನಲ್ಲಿ ನಾವು ಇಳಿದೆವು. ಬಾಲ್ಕನಿಯಲ್ಲಿ ನಿಂತರೆ ಎರಡು ಕಟ್ಟಡಗಳ ನಡುವೆ ನದಿ ಕಾಣುತ್ತಿತ್ತು, ಅದರ ಮೇಲೆ ಬೇಕಾದಷ್ಟು ಆಕಾಶ. ಹಿರಿಯರೂ ಮಧುರವಾಡದವಳೂ ಸ್ಟೇಷನ್ನಿನ ಹತ್ತಿರ ಬೇರೆ ಬೇರೆ ಲಾಡ್ಜಿನಲ್ಲಿ ಇಳಿದಿದ್ದರು.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ತಾಲೀಮು. ನಾಲ್ವರೂ ನದಿಯ ಘಾಟಿನ ಮೆಟ್ಟಿಲ ಮೇಲೆ ಕೂತಿದ್ದೆವು. ಜೆಟ್ಟುಗಳು ಬಂದವು, ಬಿಳಿಯ ಹೊಗೆ ಬಿಟ್ಟು ಇಂದ್ರಕೀಲಾದ್ರಿಯ ಕಡೆಗೆ ಹೋದವು. ಗಾಳಿಗೆ ಹೊಗೆ ಕರಗಿತು. ಜನ ಚುರುಮುರಿ ತಿನ್ನತೊಡಗಿದರು.

"ಈ ಕಡಿ ಹೊಗಿ ಇನ್ನೂ ಹೋಗೇ ಇಲ್ಲಲ್ಲ," ಎಂದರು ನಮ್ಮವರು.

"ಯಾವ ಕಡೆ ಸಾರ್?"

"ಬಲಕ್ಕ. ಕೆಳಗ. ಕಪ್ಪಗೆ ಕೂತದ."

ಮಧುರವಾಡದವಳು ಬಲಕ್ಕೆ ನೋಡಿದಳು. ಹಿರಿಯರು ನೋಡಿದರು. ಸ್ವಚ್ಛವಾದ ಬಿಸಿಲು. ಇಬ್ಬರೂ ಸುಮ್ಮನಾದರು, ಅವರ ಕಟ್ಟುಪಾಡು ಹಾಗಿತ್ತಲ್ಲ. ನಾನು ಸುಮ್ಮನಾಗಲಿಲ್ಲ.

"ಹೊಗಿ ಇಲ್ಲ ರೀ," ಎಂದೆ. "ಎಲ್ಲೂ ಹೊಗಿ ಇಲ್ಲ. ಎಡಗಣ್ಣು ಮುಚ್ಚಿ ನೋಡ್ರಿ."

ಅವರು ಎಡಗಣ್ಣಿನ ಮೇಲೆ ಅಂಗೈ ಇಟ್ಟರು. ಆಮೇಲೆ ಸಣ್ಣ ದನಿಯಲ್ಲಿ, "ಪರದೆ ಇಳಿಬಿಟ್ಟಂಗ ಆಗ್ಯದ" ಎಂದರು. ಅಡಿಗೆಮನೆಯ ಮಿಂಚಿನ ಸಂಗತಿ ನಾನು ಅಲ್ಲಿಯೇ ಎಲ್ಲರ ಮುಂದೆ ಹೇಳಿದೆ. ಹಿರಿಯರ ಮುಖ ಇಳಿದುಹೋಯಿತು.

"ಅಯ್ಯಯ್ಯೋ, ಆ ನೇವಿ ವಿಮಾನ..." ಎಂದವರು ಮಾತು ನಿಲ್ಲಿಸಿ ಆಟೋ ಕರೆಯಲು ಎದ್ದರು.

ಕಣ್ಣಿನ ಆಸ್ಪತ್ರೆಯ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಹಣೆಗೆ ದೀಪ ಕಟ್ಟಿಕೊಂಡು, ಮೇಲೆ ನೋಡಿ, ಕೆಳಗೆ ನೋಡಿ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣಿನ ಹಿಂಗೋಡೆಯ ತೆಳು ಪೊರೆ ಹರಿದಿದೆ, ಗೋಡೆಯಿಂದ ಬಿಟ್ಟುಕೊಳ್ಳುತ್ತಿದೆ, ನಟ್ಟನಡುವಿನ ನೋಟದವರೆಗೂ ಬಿಟ್ಟುಕೊಂಡರೆ ಆಮೇಲೆ ಏನು ಮಾಡಿದರೂ ಪೂರ್ತಿ ಬರುವುದಿಲ್ಲ, ಇವತ್ತೇ ಆಪರೇಷನ್ ಆಗಬೇಕು ಎಂದರು. ಹರಿಯುವಾಗ ಮಿಂಚು ಕಾಣುತ್ತದೆ, ಕಪ್ಪು ಚುಕ್ಕಿಗಳು ತೇಲುತ್ತವೆ, ನಿಮಗೆ ಕಾಣಲಿಲ್ಲವಾ ಎಂದು ಕೇಳಿದರು. ಹದ್ದುಗಳು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ನಮ್ಮವರು ತಲೆ ತಗ್ಗಿಸಿದರು. ಆದರೂ ಬಾಯಿ ಬಿಟ್ಟು ಕೇಳಿಯೇ ಬಿಟ್ಟರು, ತಮ್ಮ ಬ್ಯಾಂಕಿನ ತೆಲುಗಿನಲ್ಲಿ: ನಾಳೆ ಷೋ ಇದೆ, ನಾಡಿದ್ದು ಮಾಡಬಹುದಾ?

"ಏಮಂಡಿ, ಮೀಕು ಕನ್ನು ಕಾವಾಲಾ, ಷೋ ಕಾವಾಲಾ?" ಎಂದರು ಡಾಕ್ಟರು. ಕಣ್ಣು ಬೇಕೋ, ಷೋ ಬೇಕೋ ಎಂದು.

ಆಪರೇಷನ್ ಆಗುವವರೆಗೆ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅವರ ಬೈನಾಕ್ಯುಲರ್ ನನ್ನ ಕೊರಳಲ್ಲಿತ್ತು; ತೆಗೆದು ಚೀಲದಲ್ಲಿ ಇಡಬೇಕೆಂದು ಹೊಳೆಯಲಿಲ್ಲ. ಮಧುರವಾಡದವಳು ಇಡ್ಲಿ ತಂದುಕೊಟ್ಟಳು. ತಣ್ಣಗಾದವು.

ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ ಎಂದು ಆಮೇಲೆ ತಿಳಿಯಿತು. ಗೋಡೆಗೆ ಕಾಗದ ಅಂಟಿಸಿ ಅಂಟು ಒಣಗುವವರೆಗೂ ಅಂಗೈಯಿಂದ ಒತ್ತಿ ಹಿಡಿಯುತ್ತೇವಲ್ಲ, ಆ ಗ್ಯಾಸಿನ ಗುಳ್ಳೆಯ ಕೆಲಸ ಅದು. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುತ್ತದೆ. ಹರಿದ ಜಾಗ ಹಿಂದಿರುವುದರಿಂದ ರೋಗಿ ಮುಖ ಕೆಳಗೆ ಮಾಡಿ ಬೋರಲು ಮಲಗಬೇಕು. ಊಟ, ನಿದ್ದೆ, ಮಾತು, ಎಲ್ಲ ನೆಲ ನೋಡುತ್ತಲೇ. ಮುಖ ಮೇಲೆತ್ತಿದರೆ ಗುಳ್ಳೆ ಸರಿಯುತ್ತದೆ, ಪೊರೆ ಮತ್ತೆ ಬಿಟ್ಟುಕೊಳ್ಳಬಹುದು. ಗುಳ್ಳೆ ಕರಗುವವರೆಗೂ ವಿಮಾನ ಹತ್ತಕೂಡದು. ಎತ್ತರಕ್ಕೆ ಹೋದರೆ ಅದು ಹಿಗ್ಗಿ ಕಣ್ಣೇ ಹೋದೀತು.

ಇದನ್ನು ಕೇಳಿದ್ದೇ ನಮ್ಮವರಿಗೆ ಎಲ್ಲಿಲ್ಲದ ಉಮೇದು ಬಂತು. ಯಾವ ಗ್ಯಾಸು, ಎಷ್ಟು ಎತ್ತರಕ್ಕೆ ಎಷ್ಟು ಹಿಗ್ಗುತ್ತದೆ, ಕೆಳಗೇ ಹಾರುವ ಸಣ್ಣ ವಿಮಾನವಾದರೆ ನಡೆಯುತ್ತದಾ ಎಂದು ಪಟ್ಟಿ ಕಟ್ಟಿದ ಕಣ್ಣಿನಲ್ಲಿ, ಗದ್ದ ಎದೆಗೆ ತಾಗಿಸಿಕೊಂಡು ಕೇಳತೊಡಗಿದರು. ಡಾಕ್ಟರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಫ್ಲ್ಯಾಟಿಗೆ ಬಂದು ಹಾಸಿಗೆಯನ್ನು ನೆಲಕ್ಕೆ ಇಳಿಸಿದೆ. ಹಣೆ ಊರಲು ನನ್ನ ಹಳೆಯ ಇಳಕಲ್ಲ ಸೀರೆಯನ್ನು ಸುತ್ತಿ, ಕೊಡದ ಕೆಳಗೆ ಇಡುತ್ತೇವಲ್ಲ, ಅಂಥ ದೊಡ್ಡ ಸಿಂಬಿ ಮಾಡಿದೆ. ಮುಖ ಅದರ ನಡುವೆ ಬರುತ್ತಿತ್ತು, ಉಸಿರಿಗೆ ಜಾಗ ಇತ್ತು. ಮಜ್ಜಿಗೆ ಹೀರಲು ಎಳನೀರಿನವನಿಂದ ಕೊಳವೆ ಕೇಳಿ ತಂದೆ. ನಿದ್ದೆಯಲ್ಲಿ ಹೊರಳಿಬಿಟ್ಟಾರೆಂದು ಎರಡೂ ಪಕ್ಕ ದಿಂಬು ಒತ್ತಿ ನಾನು ಎದ್ದೇ ಕೂತೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ, ಕಣ್ಣ ಮುಂದೆ ಕೈ ಆಡಿಸಿದರು. "ಏನೋ ಅಲ್ಲಾಡ್ತದ, ನೀರಾಗ ನೋಡಿದಂಗ," ಎಂದರು ನಮ್ಮವರು. ಅಷ್ಟಕ್ಕೇ ಡಾಕ್ಟರು ಖುಷಿಪಟ್ಟರು. ಕೈ ಅಲ್ಲಾಡಿದ್ದು ಕಂಡರೆ ಸಾಕೇ ಎಂದು ನಾನು ಕೇಳಿದೆ. ಪೊರೆ ಕೂತಿದೆ, ಆದರೆ ಇನ್ನೂ ಹಸಿ, ಈ ದಿನಗಳೇ ಮುಖ್ಯ ಎಂದು ಹೇಳಿ ಕಳಿಸಿದರು.

ಅದೇ ಮಧ್ಯಾಹ್ನ ಪ್ರದರ್ಶನ.

ಘಾಟಿಗೆ ಹೋಗುವ ಮೊದಲು ಅವರಿಬ್ಬರೂ ಬಂದರು. ನಮ್ಮವರಿಗೆ ಕಾಣುತ್ತಿದ್ದುದು ಅವರ ಪಾದಗಳು ಮಾತ್ರ.

"ಬರ್ರಿ ಸಾರ್. ಕಾಲುಚೀಲ ತೂತು ಬಿದ್ದದ ನಿಮ್ದು," ಎಂದು ಸ್ವಾಗತ ಮಾಡಿದರು.

"ನೀವು ಕಾಲು ಬಿಟ್ಟು ಬೇರೆ ಏನೂ ನೋಡಬೇಡಿ, ಅದೇ ನಮಗೆ ಬೇಕಾದ್ದು," ಎಂದರು ಹಿರಿಯರು. ದನಿ ಗಟ್ಟಿಯಾಗಿತ್ತು, ಕಣ್ಣು ಒದ್ದೆಯಾಗಿದ್ದವು. "ನಂದೇ ತಪ್ಪು ಅಮ್ಮಾ. ನಾನು ಅದಕ್ಕೆ ಎತ್ತರ ಸಹ ಹೇಳಿದೆ," ಎಂದರು ನನಗೆ.

ಮಧುರವಾಡದವಳು ನೆಲದ ಮೇಲೆ ಅಡ್ಡಾಗಿ ಮುಖ ಓರೆ ಮಾಡಿ ಅವರ ಜೊತೆ ಮಾತಿಗೆ ಕೂತಳು. ಮತ್ತೆ ಅದೇ ಪುರಾಣ. ಆ ಹಳದಿ ವಿಮಾನದ ಎಂಜಿನ್ನು ಮೊದಲಿನದೇ ಇರಬಹುದೋ, ರೆಕ್ಕೆಯ ಬಟ್ಟೆ ಹೊಸದೋ. ಘಾಟಿನಿಂದ ವಿಡಿಯೋ ಕಾಲ್ ಮಾಡುತ್ತೇವೆ, ಫೋನನ್ನು ಸಿಂಬಿಯ ಕೆಳಗೆ ಇಟ್ಟುಕೊಂಡು ಚೊಲೋ ಕಣ್ಣಿನಲ್ಲಿ ನೋಡಲಿ ಎಂದು ಇಬ್ಬರೂ ಸೇರಿ ಗೊತ್ತುಮಾಡಿದರು. ನಾನೂ ಒಪ್ಪಿದೆ. ಕೆಳಗೆ ನೋಡುವುದೇ ತಾನೆ.

ಅವರು ಹೋದಮೇಲೆ ನಾನು ಹಾಸಿಗೆಯನ್ನು ಬಾಲ್ಕನಿಯ ಹೊಸ್ತಿಲವರೆಗೆ ಎಳೆದೆ. ಗಾಳಿ ಬರಲಿ ಎಂದು ಅವರಿಗೆ ಹೇಳಿದೆ. ಹೊರಗೂ ಒಳಗೂ ಒಟ್ಟಿಗೆ ಕಣ್ಣಿಡಬೇಕೆಂಬುದು ನನ್ನ ಲೆಕ್ಕ.

ಮೊದಲು ಜೆಟ್ಟುಗಳು ಬಂದವು. ಕಿಟಕಿಯ ಗಾಜು ಝಣ್ಣೆಂದಿತು, ಅಡಿಗೆಮನೆಯಲ್ಲಿ ಲೋಟ ಉರುಳಿತು. ಫೋನಿನಲ್ಲಿ ಒಂದು ಗಳಿಗೆ ಯಾರದೋ ತಲೆ, ಯಾರದೋ ಛತ್ರಿ ಕಂಡು, ಚಿತ್ರ ಹಾಗೇ ನಿಂತುಬಿಟ್ಟಿತು. ಘಾಟಿನ ಜನವೆಲ್ಲ ಒಟ್ಟಿಗೆ ಫೋನು ಹಿಡಿದಿದ್ದರೆ ಇನ್ನೇನಾದೀತು? ಮತ್ತೆ ಹಚ್ಚಿದೆ. ಗುಂಡನೆಯ ಗೆರೆ ಸುತ್ತುತ್ತಲೇ ಇತ್ತು. ಅವರ ಭುಜ ಪ್ರತಿ ಸದ್ದಿಗೂ ಮೇಲೇಳುತ್ತಿತ್ತು.

"ಏಳಬ್ಯಾಡ್ರಿ."

"ಎದ್ದಿಲ್ಲ ಮಾರಾಯ್ತಿ. ಮೈ ತಾನ ಏಳ್ತದ."

ಜೆಟ್ಟುಗಳ ಗದ್ದಲ ಅಡಗಿತು. ಕೆಳಗಿನ ಬೀದಿಯಲ್ಲಿ ಮಕ್ಕಳು ಕಿರುಚಾಡಿ ಸುಮ್ಮನಾದವು. ಆಮೇಲೆ ಬಹಳ ದೂರದಿಂದ, ಹೊಲದ ಪಂಪುಸೆಟ್ಟು ಕೆಮ್ಮಿದಂತೆ ಒಂದು ಸದ್ದು ಬಂತು.

"ಬಂತು," ಎಂದರು ಅವರು. ಅವರ ಎರಡೂ ಅಂಗೈ ನೆಲಕ್ಕೆ ಊರಿದವು. ನಾನು ಓಡಿಬಂದು ಪಕ್ಕದಲ್ಲಿ ಕೂತು ಅವರ ಹೆಡಕಿನ ಮೇಲೆ ಕೈಯಿಟ್ಟೆ. ಕತ್ತಿನ ನರ ಹಗ್ಗದಂತೆ ಬಿಗಿದಿತ್ತು.

"ಒಂದ ಸಲ. ಒಂದು ಗಳಿಗಿ. ಚೊಲೋ ಕಣ್ಣಿಲೆ ನೋಡಿ ಮತ್ತ ಮಲಗ್ತೀನಿ."

"ಬ್ಯಾಡ್ರಿ."

"ಒಂದು ಗಳಿಗಿಗೆ ಏನೂ ಆಗಂಗಿಲ್ಲ. ನಾ ಓದೀನಿ."

"ಆ ಮಿಂಚು ಬಂದಾಗನೂ ವಯಸ್ಸಿಗೆ ಹಿಂಗ ಆಗ್ತದ ಅಂದಿದ್ರಿ."

ಅವರ ಕತ್ತು ಸಡಿಲಾಗಲಿಲ್ಲ. ಸದ್ದು ಹತ್ತಿರ ಬರುತ್ತಿತ್ತು. ಹೋಯಿತು, ಹೊರಟುಹೋಯಿತು ಎಂದು ಸುಳ್ಳು ಹೇಳೋಣವೆಂದರೆ ಕಿವಿ ಅವರದು ನೆಟ್ಟಗಿದೆ. ನನ್ನ ಕೈಯ ಬಲಕ್ಕೆ ಆ ಮನುಷ್ಯ ನಿಲ್ಲುವವರೂ ಅಲ್ಲ. ಏನು ಮಾಡಲಿ? ಬಾಯಿಗೆ ಬಂದದ್ದನ್ನು ಹೇಳತೊಡಗಿದೆ.

"ಹಳದಿ ಅದ. ಅರಿಷಿಣದಂಗಲ್ಲ, ಹಣ್ಣಾದ ನಿಂಬಿಹಣ್ಣಿನ ಬಣ್ಣ. ಎರಡು ಅಂತಸ್ತಿನ ರೆಕ್ಕಿ."

"ಗಾಲಿ?"

"ಕೆಳಗ ಜೋತಾಡ್ತಾವ."

"ಜೋತಾಡಂಗಿಲ್ಲ. ನೆಟ್ಟಗ ನೋಡಿ ಹೇಳು."

"ಇಲ್ಲ, ಗಟ್ಟಿ ನಿಂತಾವ. ಎರಡೂ ರೆಕ್ಕಿ ನಡುವ ಕೋಲು ಅವ, ತಂತಿ ಅವ. ನಮ್ಮ ಟೆರೇಸಿನ ಬಟ್ಟಿ ತಂತಿ ಇದ್ದಂಗ."

"ಎಷ್ಟು ಜೋರು ಬರ್ಲಿಕತ್ತದ?"

"ಜೋರೆಲ್ಲಿ? ಆಟೋ ಇದಕ್ಕಿಂತ ಮುಂದ ಹೋಗ್ತದ."

ಅವರ ಬೆನ್ನು ಅಲುಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ವಿಮಾನ ನದಿಯ ಮೇಲೆ ತಿರುಗಿ ನಮ್ಮ ಕಡೆಗೇ ಬಂತು. ನಾನು ಇಷ್ಟು ವರ್ಷದಲ್ಲಿ ಒಂದು ವಿಮಾನವನ್ನೂ ಹೀಗೆ ನೋಡಿದವಳಲ್ಲ. ಅಷ್ಟರಲ್ಲಿ ಅದರ ಸದ್ದು ಒಮ್ಮೆಲೇ ಕುಗ್ಗಿತು. ಎಂಜಿನ್ನು ನಿಂತೇಹೋಯಿತೆಂದು ನಾನು ಹೌಹಾರಿದೆ.

"ಅಯ್ಯ ಶಿವನ, ಬೀಳ್ತದ!"

ನನ್ನ ಕೈಯೊಳಗೆ ಅವರ ಕತ್ತು ಸರಕ್ಕನೆ ಹೊರಳಲು ನೋಡಿತು. ನಾನು ಇನ್ನೊಂದು ಕೈಯನ್ನೂ ಹಾಕಿ ತಲೆಯನ್ನು ಸಿಂಬಿಗೆ ಒತ್ತಿದೆ. ನನ್ನ ಬಾಯಿಂದಲೇ ಕೆಲಸ ಕೆಡುತ್ತಿತ್ತಲ್ಲ.

"ಇಲ್ಲ, ಬಿದ್ದಿಲ್ಲ! ಇಳೀಲಿಕತ್ತದ ಅಷ್ಟ. ಸಾವಕಾಶ ಇಳೀಲಿಕತ್ತದ. ನೀವು ಹೊಳ್ಳಬ್ಯಾಡ್ರಿ. ಹೊಳ್ಳಿದ್ರ ನಾ ಹೇಳೂದು ಬಿಡ್ತೀನಿ."

"ಎಂಜಿನ್ ಕಡಿಮಿ ಮಾಡ್ಯಾನ," ಎಂದರು ನೆಲದ ಕಡೆಯಿಂದ, ಏದುಸಿರು ಬಿಡುತ್ತ. "ಮಂದಿಗೆ ಛಂದಾಗಿ ಕಾಣಲಿ ಅಂತ. ಒಂದು ಮಾತು ಹೇಳು. ಸೀಟಿನೊಳಗ ಯಾರು ಅದಾರ?"

"ಒಬ್ಬ. ಚರ್ಮದ ಟೊಪ್ಪಿಗಿ."

"ಮುಂದ ಕೂತಾನೋ, ಹಿಂದ ಕೂತಾನೋ?"

ಇದು ಕೇಳುವ ಮಾತೇ ಎನಿಸಿತು. ಆದರೂ ಕನ್ನಡಕ ಸರಿಮಾಡಿಕೊಂಡು ನೋಡಿದೆ. ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಆಚೆ ಅದು ಪಕ್ಕವಾಲಿ ಹೋಯಿತು. ಎರಡು ಗುಂಡಿಯಂಥ ಸೀಟು ಸ್ಪಷ್ಟವಾಗಿ ಕಂಡವು.

"ಹಿಂದ. ಮುಂದಿಂದು ಖಾಲಿ ಅದ."

"ಖರೇನ?"

"ಖರೇನ. ಡ್ರೈವರ್ ಇಲ್ಲದ ಬಸ್ಸಿನಂಗ ಮುಂದಿಂದು ಖಾಲಿ."

ಅವರ ಕತ್ತು ನನ್ನ ಅಂಗೈಯ ಕೆಳಗೆ ನಿಧಾನವಾಗಿ ಸಡಿಲಾಯಿತು. "ಹೌದು ನೋಡು," ಎಂದರು. "ಒಬ್ಬನ ಇದ್ರ ಅದರಾಗ ಹಿಂದ ಕೂಡಬೇಕು. ಮುಂದ ಕೂತ್ರ ತೂಕ ಸರಿ ಹೊಂದಂಗಿಲ್ಲ. ಪುಸ್ತಕದಾಗಿಂದು ಖರೆ ಅದ ಹಂಗಾರ." ಆಮೇಲೆ, "ಇನ್ನೂ ಕಾಣ್ತದೇನು?" ಎಂದರು.

ಸೇತುವೆಯ ಆಚೆ ಚುಕ್ಕಿಯಾಗುವವರೆಗೂ ನಾನು ಹೇಳುತ್ತಲೇ ಇದ್ದೆ. ಕೈ ತೆಗೆದು ನೋಡಿದರೆ ಅವರ ಹೆಡಕಿನ ಮೇಲೆ ನನ್ನ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು.

ಸಂಜೆ ಹಿರಿಯರು ಬಂದು ಕಾಲ್ ಹತ್ತದಿದ್ದಕ್ಕೆ ಕಂಪನಿಯವರನ್ನು ಬಯ್ದರು. "ನೀವೇನೂ ಹೇಳಬ್ಯಾಡ್ರಿ," ಎಂದರು ನಮ್ಮವರು. "ಒಬ್ಬನ ಇದ್ದ, ಹಿಂದಿನ ಸೀಟು." ಹಿರಿಯರು ನನ್ನ ಮುಖ ನೋಡಿದರು. ಅವರು ಅದನ್ನು ಗಮನಿಸಿಯೇ ಇರಲಿಲ್ಲವಂತೆ.

ಇನ್ನೊಮ್ಮೆ ಡಾಕ್ಟರಿಗೆ ತೋರಿಸಿ ರೈಲು ಹತ್ತಿದೆವು. ಪೊರೆ ಗಟ್ಟಿಯಾಗಿ ಅಂಟಿದೆ, ನೋಟ ಎಷ್ಟು ಬರುತ್ತದೆಂದು ಗ್ಯಾಸು ಕರಗಿದ ಮೇಲೆ ಗೊತ್ತಾಗುತ್ತದೆ ಎಂದಿದ್ದರು. ದಾರಿಯುದ್ದಕ್ಕೂ ಗದ್ದ ಎದೆಗೆ ತಾಗಿಸಿ ಕೂತಿದ್ದ ಅವರನ್ನು ನೋಡಿ ಎದುರು ಸೀಟಿನ ಅಜ್ಜಿಯೊಬ್ಬಳು ತುನಿ ಸ್ಟೇಷನ್ನಿನವರೆಗೂ ತಡೆದುಕೊಂಡಳು. ಆಮೇಲೆ ನನ್ನ ಮೊಣಕಾಲು ಮುಟ್ಟಿ, "ಎಂತ ತಪ್ಪು ಮಾಡಿದರೂ ಗಂಡಸರನ್ನು ಅಷ್ಟು ಬಯ್ಯಬಾರದಮ್ಮಾ, ನೋಡು, ತಲೆ ಎತ್ತುತ್ತಲೇ ಇಲ್ಲ" ಎಂದು ತೆಲುಗಿನಲ್ಲಿ ಬುದ್ಧಿ ಹೇಳಿದಳು. ನಮ್ಮವರು ತಲೆ ಎತ್ತದೆಯೇ, "ಅದೇ ಚೆಪ್ಪಂಡಿ ಅಮ್ಮಾ" ಎಂದರು. ಹಾಗೇ ಹೇಳು ತಾಯಿ ಎಂದು! ಬಹಳ ದಿನಗಳ ಮೇಲೆ ನಾನು ಅಂದು ನಕ್ಕೆ.

ಮನೆಗೆ ಬಂದ ಮೇಲೆ ತಲೆ ಎತ್ತಲು ಅಪ್ಪಣೆ ಸಿಕ್ಕಿತು. ಬಲಗಣ್ಣಿನಲ್ಲಿ ಅವರಿಗೆ ಅಡ್ಡಲಾಗಿ ಒಂದು ಗೆರೆ ಕಾಣುತ್ತಿತ್ತಂತೆ. ಗೆರೆಯ ಮೇಲೆ ಬೆಳಕು, ಕೆಳಗೆ ತುಳುಕಾಡುವ ನೀರು. ತಲೆ ವಾಲಿಸಿದರೂ ಗೆರೆ ವಾಲುವುದಿಲ್ಲ. ಮೋಡದೊಳಗೆ ಹೊಕ್ಕಾಗ ಪೈಲಟ್ಟಿಗೆ ನೆಲ ಯಾವುದು ಆಕಾಶ ಯಾವುದು ಎಂದು ತೋರಿಸುವ ಗುಂಡನೆಯ ಯಂತ್ರವೊಂದು ಇರುತ್ತದಂತೆ, ಥೇಟ್ ಅದೇ ಎಂದು ಬಂದವರಿಗೆಲ್ಲ ಹೇಳಿದರು. ದಿನ ಕಳೆದಂತೆ ಗೆರೆ ಕೆಳಗಿಳಿಯಿತು. ನಾನು ಬೆಳಿಗ್ಗೆ ಎದ್ದು ಚಹಾಕ್ಕಿಡುವ ಮೊದಲೇ ಗೆರೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದೆ. ಮೂಗಿನ ಮಟ್ಟ, ಗದ್ದದ ಮಟ್ಟ ಎನ್ನುತ್ತಿದ್ದರು. ಮತ್ತೆ ಪರದೆ ಬಿದ್ದೀತೆಂಬ ಹೆದರಿಕೆ ಇಬ್ಬರಿಗೂ ಇತ್ತು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗುಳ್ಳೆ ಇರಲಿಲ್ಲ. ಅವರು ಎಡಗಣ್ಣು ಮುಚ್ಚಿ ಕಿಟಕಿಯ ಮುಂದೆ ನಿಂತಿದ್ದರು.

"ಕಾಣ್ತದೇನ್ರೀ?"

"ಕಾಣ್ತದ."

"ಪೂರ್ತಿ?"

"ಸರಳು ಸೊಟ್ಟ ಕಾಣ್ತಾವ. ನಡುವ ಬಳುಕಿದಂಗ."

ಡಾಕ್ಟರಿಗೆ ಫೋನು ಹಚ್ಚಿದೆವು. ನಟ್ಟನಡುವಿನ ನೋಟದ ಜಾಗದ ಅಂಚಿನವರೆಗೂ ಪೊರೆ ಬಿಟ್ಟುಕೊಂಡಿತ್ತು, ಇಷ್ಟು ಬಂದದ್ದೇ ಭಾಗ್ಯ, ಸೊಟ್ಟ ಕಾಣುವುದು ಕಡಿಮೆಯಾಗಬಹುದು, ಪೂರ್ತಿ ಹೋಗದೆಯೂ ಇರಬಹುದು ಎಂದರು. ಭಾಗ್ಯ ಎಂಬ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಆ ಭಾನುವಾರ ಟೆರೇಸಿನಲ್ಲಿ ಮತ್ತೆ ಮೂವರೂ ಕೂಡಿದರು. ನಾನೂ ಸಂಡಿಗೆ ತೆಗೆಯುವ ನೆಪದಲ್ಲಿ ಅಲ್ಲಿಯೇ ಇದ್ದೆ. ಹೈದರಾಬಾದಿನದೋ ಚೆನ್ನೈಯದೋ ವಿಮಾನವೊಂದು ಸಮುದ್ರದ ಮೇಲಿಂದ ಇಳಿಯಲು ಬಂತು. ನಮ್ಮವರು ಮೊದಲು ಬಲಗಣ್ಣು ಮುಚ್ಚಿ ನೋಡಿದರು, ಆಮೇಲೆ ಎಡಗಣ್ಣು ಮುಚ್ಚಿ ನೋಡಿದರು.

"ಎಲಾ ಉಂದಿ ಸಾರ್?" ಎಂದರು ಹಿರಿಯರು. ಹೇಗಿದೆ ಎಂದು.

"ಈ ಕಣ್ಣಿಲೆ ನೋಡಿದ್ರ ರೆಕ್ಕಿ ಮುರಿದಂಗ ಕಾಣ್ತದ."

ಮಧುರವಾಡದವಳು ನನ್ನ ಕಡೆ ನೋಡಿದಳು. ನಾನು ಸಂಡಿಗೆಯ ಮೊರ ಕೆಳಗಿಟ್ಟು ಅವರ ಪಕ್ಕಕ್ಕೆ ಹೋಗಿ ನಿಂತೆ. ವಿಮಾನ ಇನ್ನೂ ಕಾಣುತ್ತಿತ್ತು.

"ರೆಕ್ಕಿ ನೆಟ್ಟಗ ಅದ," ಎಂದೆ. "ಎರಡೂ."

"ಗಾಲಿ?"

"ಕೆಳಗ ಬಿಟ್ಟಾನ."

"ಹಂಗಾರ ಇಳೀತದ," ಎಂದು ಅವರು ಕಣ್ಣಿನ ಮೇಲಿನ ಕೈ ತೆಗೆದರು.